ಸಿಮೆಂಟಿಗೆ ಮೊದಲು ಗಾಳಿ

ಹನ್ನೊಂದು ಕಾರು ನೋಡಿ ಹತ್ತಕ್ಕೆ ಬೇಡ ಎಂದಿದ್ದೆ. ಹನ್ನೊಂದನೆಯದಕ್ಕೆ ಹೂಂ ಎಂದೆ. ಆಮೇಲೆ ನನ್ನನ್ನು ಕೂತಲ್ಲಿ ಕೂರಗೊಡದೆ, ನಿಂತಲ್ಲಿ ನಿಲ್ಲಗೊಡದೆ ಕಾಡಿದ್ದು ಆ ಹತ್ತಲ್ಲ, ಈ ಒಂದು.

ಸೇಡಂನಲ್ಲಿ ನನ್ನದೊಂದು ಕಾರು ರಿಪೇರಿಯ ಗ್ಯಾರೇಜು ಇದೆ. ರಿಪೇರಿಯ ಜೊತೆಗೆ ಇನ್ನೊಂದು ಕೆಲಸವೂ ನನಗೆ ಗಂಟುಬಿದ್ದಿದೆ. ಹಳೆಯ ಕಾರು ಕೊಳ್ಳುವವರು ‘ಜರಾ ನೋಡಿ ಹೇಳ್ರಿ’ ಎಂದು ಕರೆದುಕೊಂಡು ಹೋಗುತ್ತಾರೆ. ನಮ್ಮ ಕಡೆ ಈ ವ್ಯವಹಾರದಲ್ಲಿ ಕಾಗದಪತ್ರ ಆಮೇಲಿನ ಮಾತು. ಮೊದಲು ಮೆಕ್ಯಾನಿಕ್ ಹೂಂ ಅನ್ನಬೇಕು. ಅವನು ಹೂಂ ಅಂದ ಮೇಲೆ ಗಾಡಿಗೆ ಪೂಜೆ ಮಾಡಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಹಣ್ಣು ಪಚಕ್ ಎಂದಿತೋ, ಗಾಡಿ ಕೊಂಡವರದು. ಆಮೇಲೆ ಗಾಡಿ ವಾಪಸ್ ತಗೊಂಡ ದಲ್ಲಾಳಿಯನ್ನು ನಾನಂತೂ ನೋಡಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಅಕ್ಕೋರು ಗ್ಯಾರೇಜಿಗೆ ಬಂದರು. ನಮ್ಮಲ್ಲಿ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಇವರು ಕೋಡ್ಲಾದ ಶಾಲೆಯಲ್ಲಿ ಕಲಿಸುತ್ತಾರೆ, ಮನೆ ಸೇಡಂನಲ್ಲೇ. ಕೈಯಲ್ಲೊಂದು ನೋಟ್‌ಬುಕ್ ಇತ್ತು.

“ಅಣ್ಣಾರ, ನನಗೊಂದು ಹಳೇ ಕಾರ್ ನೋಡಿ ಕೊಡ್ರಿ. ಚಂದ ಇರ್ಬೇಕಂತಿಲ್ಲ. ನಡುದಾರ್ಯಾಗ ನಿಲ್ಲಬಾರ್ದು, ಅಷ್ಟೇ.”

ಎಲ್ಲರೂ ಹಾಗೇ ಹೇಳುತ್ತಾರೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಪ್ರತಿ ಮಂಗಳವಾರ, ಶುಕ್ರವಾರ ಕಲಬುರಗಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಹೋಗುವುದು ಹೇಗೋ ಆಗುತ್ತದೆ, ಬರುವುದೇ ಕಷ್ಟ. ನಾಲ್ಕು ತಾಸು ಮಷಿನ್ ಮೇಲೆ ಮಲಗಿ ಎದ್ದ ಮನುಷ್ಯನಿಗೆ ಕಾಲು ಸೆಳೆಯುತ್ತದೆ, ಬಿ.ಪಿ. ಇಳಿಯುತ್ತದೆ. ತುಂಬಿದ ಬಸ್ಸಿನಲ್ಲಿ ಕಂಬ ಹಿಡಿದು ನಿಲ್ಲಲು ಆಗುವುದಿಲ್ಲ. ಅದಕ್ಕೇ ಅಕ್ಕೋರು ನಲವತ್ತಾರನೇ ವಯಸ್ಸಿಗೆ ಡ್ರೈವಿಂಗ್ ಕಲಿತಿದ್ದರು.

“ನಾವಿಬ್ರೇ ಹೋಗೋದು ಬರೋದು. ನಡುದಾರ್ಯಾಗ ನಿಂತ್ರ ನಾ ಗಾಡಿ ನೋಡ್ಲ್ಯಾ, ಇವ್ರನ್ನ ನೋಡ್ಲ್ಯಾ?” ಎಂದರು.

ಆ ಮಾತಿಗೆ ನನ್ನ ನಗು ಅಲ್ಲೇ ನಿಂತಿತು.

ಹಳೆಯ ಕಾರು ನೋಡಲು ನನ್ನದೇ ಒಂದು ಪದ್ಧತಿ ಇದೆ. ಬರುತ್ತೇನೆಂದ ಹೊತ್ತಿಗಿಂತ ಒಂದು ತಾಸು ಮೊದಲೇ ಹೋಗುತ್ತೇನೆ. ಹೋದವನೇ ಬಾನೆಟ್ ಎತ್ತಿ ಎಂಜಿನ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಏಳದ ಗಾಡಿಯನ್ನು ಯಾರೋ ಮೊದಲೇ ಎಬ್ಬಿಸಿ ಇಟ್ಟಿದ್ದಾರೆ ಎಂದರ್ಥ. ಸ್ಟಾರ್ಟ್ ಮಾಡಿ ಹೊಗೆ ನೋಡುತ್ತೇನೆ. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಬುಸ್ ಎಂದು ಹೊಗೆ ಎದ್ದರೆ ಒಳಗೆ ಸವೆದಿದೆ. ಕಿಲೋಮೀಟರ್ ಎಷ್ಟೆಂದು ಮೀಟರನ್ನು ಕೇಳುವುದಿಲ್ಲ, ಬ್ರೇಕ್ ಪೆಡಲಿನ ರಬ್ಬರನ್ನು ಕೇಳುತ್ತೇನೆ. ಕೊನೆಗೆ ಸೀಟ್ ಬೆಲ್ಟನ್ನು ತುದಿಯವರೆಗೂ ಎಳೆಯುತ್ತೇನೆ.

ಶಹಾಬಾದಿನಲ್ಲಿ ಒಂದು ಕೆಂಪು ಕಾರು ಮದುಮಗನ ಹಾಗೆ ಹೊಳೆಯುತ್ತಿತ್ತು. ಬೆಲ್ಟ್ ಎಳೆದರೆ ಕೊನೆಯ ಒಂದು ಮೊಳ ಮಣ್ಣಿನ ಬಣ್ಣ. ಕಾಗಿಣಾ ನದಿಯ ರಾಡಿ.

“ಒಮ್ಮೆ ಹಳ್ಳ ದಾಟ್ಯಾದ್ರಿ,” ಎಂದ ಮಾಲೀಕ.

“ದಾಟಿಲ್ಲ, ಮುಳುಗ್ಯಾದ,” ಎಂದೆ.

ಚಿತ್ತಾಪುರದಲ್ಲಿ ನೋಡಿದ್ದು ಎರಡು ಕಾರು ಕತ್ತರಿಸಿ ಬೆಸೆದು ಮಾಡಿದ ಒಂದು ಕಾರು. ಹಿಂದಿನ ಕಾರ್ಪೆಟ್ ಎತ್ತಿದಾಗ ವೆಲ್ಡಿಂಗ್ ಗುರುತು ಈ ಕಡೆಯಿಂದ ಆ ಕಡೆಗೆ ಸಾಗಿತ್ತು. ಚಿಮ್ಮನಚೋಡದ ಒಬ್ಬ ರೈತನ ಕಾರಿನ ಹಿಂಭಾಗ ಕುಸಿದು ಕೂತಿತ್ತು. ಯಾಕೆಂದು ಕೇಳಿದರೆ, “ಹಿಂದಿನ ಸೀಟಿನ್ಯಾಗ ಐದ ಚೀಲ ತೊಗರಿ ಬರೋಬ್ಬರಿ ಹಿಡಸ್ತದ್ರಿ!” ಎಂದು ಹೆಮ್ಮೆಯಿಂದ ಹೇಳಿದ. ಪ್ರತಿ ಭಾನುವಾರ ಅಕ್ಕೋರು ಜೊತೆಗೆ ಬರುತ್ತಿದ್ದರು. ನಾನು ಬೇಡ ಅಂದದ್ದಕ್ಕೆ ಕಾರಣ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಹನ್ನೊಂದನೆಯದು ವಾಡಿಯಲ್ಲಿ ಒಬ್ಬ ದಲ್ಲಾಳಿಯ ಮೂಲಕ ಸಿಕ್ಕಿತು. ಬಿಳಿ ಬಣ್ಣದ ಡೀಸೆಲ್ ಕಾರು. ಮಾಲೀಕರು ರೈಲ್ವೆಯಿಂದ ನಿವೃತ್ತರಾದವರು, ಬೇರೆ ಯಾರ ಕೈಗೂ ಗಾಡಿ ಕೊಟ್ಟವರಲ್ಲ. ಎಂಜಿನ್ ತಣ್ಣಗಿತ್ತು. ಒಂದೇ ಸಲಕ್ಕೆ ಎದ್ದಿತು. ಹೊಗೆ ಇಲ್ಲ, ಬುಸುಬುಸು ಇಲ್ಲ, ಬೆಲ್ಟ್ ತುದಿಯವರೆಗೂ ಶುದ್ಧ. ರೈಲ್ವೆಯವರು ಗಾಡಿಯನ್ನೂ ಟೈಮ್‌ಟೇಬಲ್ ಪ್ರಕಾರ ಇಟ್ಟಿದ್ದಾರೆ ಅಂದುಕೊಂಡೆ. ತಂಪು ಬೆಳಗಿನಲ್ಲಿ, ಎ.ಸಿ. ಹಾಕದೆ, ಶಹಾಬಾದ್ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ತಂದೆ. ಶಾಖ ತೋರಿಸುವ ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ. ಅಕ್ಕೋರು ನನ್ನ ಮುಖ ನೋಡಿದರು.

“ಹೂಂ,” ಎಂದೆ.

ಪೂಜೆಗೆ ಮೊದಲು ಗಾಡಿಯನ್ನು ಗ್ಯಾರೇಜಿಗೆ ತಂದು ಆಯಿಲ್ ಬದಲಿಸಿದೆ. ಹೇಗೂ ತಂದಿದ್ದೇನೆ, ಥಳಥಳ ಹೊಳೆಯಲಿ ಎಂದು ನಾನೇ ನೀರಿನ ಪೈಪು ಹಿಡಿದೆ. ಪ್ರೆಷರ್ ಪಂಪು ಹಚ್ಚಿ ಮೇಲೆ, ಕೆಳಗೆ, ಮುಂದಿನ ಜಾಲರಿಯ ಒಳಗೆ, ಎಲ್ಲ ಕಡೆ ಹೊಡೆದೆ. ಜಾಲರಿಯಿಂದ ಹಾಲಿನಂಥ ಬಿಳಿ ನೀರು ಇಳಿಯಿತು. ಧೂಳು ಹೋಯಿತು ಎಂದು ಖುಷಿಪಟ್ಟು, ಆ ಬಿಳಿ ನೀರನ್ನು ಅಲ್ಲಿಗೇ ಮರೆತೆ. ಮರುದಿನ ನಾಲ್ಕು ನಿಂಬೆಹಣ್ಣು ಪಚಕ್ ಎಂದವು.

ಮಾರ್ಚ್ ಅರ್ಧದವರೆಗೆ ಯಾವ ಸುದ್ದಿಯೂ ಇರಲಿಲ್ಲ. ಆಮೇಲೆ ಬಿಸಿಲು ಏರಿತು, ಅಕ್ಕೋರು ಎ.ಸಿ. ಹಾಕಲು ಶುರುಮಾಡಿದರು. ಒಂದು ಶುಕ್ರವಾರ ಮಧ್ಯಾಹ್ನ ಫೋನು ಬಂತು. ಕಲಬುರಗಿಯಿಂದ ವಾಪಸ್ ಬರುವಾಗ ಮಳಖೇಡದ ಹತ್ತಿರ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಬೈಕ್ ಹತ್ತಿ ಓಡಿದೆ. ಬೇವಿನ ಮರದ ಕೆಳಗೆ ನಾಲ್ಕೂ ಬಾಗಿಲು ತೆರೆದುಕೊಂಡು ಕಾರು ನಿಂತಿತ್ತು. ಅಕ್ಕೋರ ಗಂಡ ಹಿಂದಿನ ಸೀಟಿನಲ್ಲಿ ಮಲಗಿದ್ದರು. ಮುಖ ಬಾಡಿತ್ತು, ಮಾತು ಬಾಡಿರಲಿಲ್ಲ.

“ಬರ್ರಿ ಮಿಸ್ತ್ರಿ. ಇಬ್ರು ಪೇಶಂಟ್ ಅದೀವಿ. ಮೊದ್ಲ ಯಾರನ್ನ ನೋಡ್ತೀರಿ?”

“ಮುಳ್ಳು ಏರೋದು ಕಂಡ ಕೂಡ್ಲೇ ಬಂದ್ ಮಾಡೀನ್ರಿ,” ಎಂದರು ಅಕ್ಕೋರು. “ಮುಚ್ಚಳ ಮುಟ್ಟಿಲ್ಲ.”

ಅವರಿಬ್ಬರನ್ನು ಸೇಡಂ ಕಡೆ ಹೊರಟಿದ್ದ ಒಂದು ಜೀಪಿನಲ್ಲಿ ಕೂರಿಸಿ ಕಳಿಸಿದೆ. ಎಂಜಿನ್ ಆರಿದ ಮೇಲೆ ನೀರು ತುಂಬಿ, ಎ.ಸಿ. ಇಲ್ಲದೆ ನಿಧಾನಕ್ಕೆ ಗಾಡಿ ತಂದೆ.

ಗಾಡಿ ಬಿಸಿಯಾದರೆ ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲೆ. ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಬಿಡುವ ಸಣ್ಣ ಬಾಗಿಲು ಅದು. ಬಿಚ್ಚಿ, ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಹಾಕಿ ನೋಡಿದೆ. ತೆರೆಯಿತು, ಆದರೆ ಸ್ವಲ್ಪ ತಡವಾಗಿ. ಸಿಕ್ಕಿತು ಕಳ್ಳ ಎಂದು ಹೊಸದು ಹಾಕಿದೆ. ಗ್ಯಾರೇಜಿನ ಮುಂದೆ ಅರ್ಧ ತಾಸು ಎಂಜಿನ್ ಓಡಿಸಿದೆ. ಮುಳ್ಳು ನಡುವೆಯೇ ನಿಂತಿತು. ರಸ್ತೆಯಲ್ಲಿ ಎ.ಸಿ. ಹಾಕಿ ದೂರ ಓಡಿಸಿ ನೋಡುವ ತಾಳ್ಮೆ ನನಗಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

“ಹೋಗಿ ಬರ್ರಿ ಅಕ್ಕೋರ, ಇನ್ನ ಏನೂ ಆಗಂಗಿಲ್ಲ,” ಎಂದುಬಿಟ್ಟೆ.

ಮಂಗಳವಾರ ಅದೇ ರಸ್ತೆಯಲ್ಲಿ, ಅದೇ ಮರದ ಹತ್ತಿರ ಗಾಡಿ ಮತ್ತೆ ಕುದಿಯಿತು. ನಾನು ಬೇರೆ ಕೆಲಸಕ್ಕೆ ಚಿಂಚೋಳಿಗೆ ಹೋಗಿದ್ದರಿಂದ ಮುಟ್ಟುವಷ್ಟರಲ್ಲಿ ಒಂದೂವರೆ ತಾಸಾಗಿತ್ತು. ಅಷ್ಟರಲ್ಲಿ ಅವರ ಗಂಡನಿಗೆ ಬಿ.ಪಿ. ಇಳಿದು ಎರಡು ಸಲ ವಾಂತಿಯಾಗಿತ್ತು. ದಾರಿಹೋಕರೊಬ್ಬರು ಟೆಂಪೋದಲ್ಲಿ ಮಲಗಿಸಿಕೊಂಡು ಸೇಡಂನ ಆಸ್ಪತ್ರೆಗೆ ಮುಟ್ಟಿಸಿದ್ದರು. ನಾನು ಅಲ್ಲಿಗೆ ಹೋದಾಗ ಅಕ್ಕೋರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಾರಿನ ಚಾವಿಯನ್ನು ನನ್ನ ಕೈಗಿಟ್ಟು, “ಶುಕ್ರವಾರಕ್ಕ ಬಾಡಿಗಿ ಗಾಡಿ ಹೇಳೀನ್ರಿ,” ಎಂದರು, ಅಷ್ಟೇ.

ಮುಂದಿನ ಮೂರು ದಿನ ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ನೀರಿನ ಪಂಪು ಬಿಚ್ಚಿದೆ, ರೆಕ್ಕೆಗಳು ಸರಿ. ಫ್ಯಾನಿನ ರಿಲೇ ಬದಲಿಸಿದೆ, ಫರಕಿಲ್ಲ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿಯುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ನೀರಿನ ಡಬ್ಬಿಯಲ್ಲಿ ಗುಳ್ಳೆ ಏಳಬೇಕು, ಒಂದೂ ಏಳಲಿಲ್ಲ. ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಎಲ್ಲ ಸ್ವಚ್ಛ. ನಿಂತಲ್ಲಿ ಎಷ್ಟು ಹೊತ್ತು ಓಡಿಸಿದರೂ ತಣ್ಣಗಿರುವ ಗಾಡಿ, ಎ.ಸಿ. ಹಾಕಿ ರಸ್ತೆಗಿಳಿದು ಇಪ್ಪತ್ತು ಕಿಲೋಮೀಟರ್ ಹೋದರೆ ಮುಳ್ಳು ಏರತೊಡಗುತ್ತಿತ್ತು. ಎಲ್ಲವೂ ಸರಿಯಿದ್ದು ಗಾಡಿ ಮಾತ್ರ ಸರಿಯಿಲ್ಲ ಎಂದರೆ ಮೆಕ್ಯಾನಿಕನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಮನೆಯಲ್ಲೂ ಕೂರಲಾಗುತ್ತಿರಲಿಲ್ಲ. ಅನ್ನ ಕಲಸಿ ಕಲಸಿ ಬಿಡುತ್ತಿದ್ದೆ.

“ತಾಟಿನ್ಯಾಗ ಏನ್ ಹುಡುಕಾಕತ್ತೀರಿ? ಅದ್ರಾಗ ರೇಡಿಯೇಟರ್ ಇಲ್ಲ,” ಎಂದಳು ಹೆಂಡತಿ.

ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ, ಕೊನೆಗೆ ನನ್ನ ಸಿಟ್ಟು ದಲ್ಲಾಳಿಯ ಮೇಲೆ ತಿರುಗಿತು. ಏನೋ ಮುಚ್ಚಿಟ್ಟು ಗಾಡಿ ದಾಟಿಸಿದ್ದಾನೆ ಎಂದು ವಾಡಿಗೆ ಹೋಗಿ ಅವನ ಅಂಗಡಿಯ ಮುಂದೆ ಕೂಗಾಡಿದೆ. ಅವನು ಚಹಾ ತರಿಸಿದ.

“ಉಸ್ತಾದ್, ಮೊದ್ಲ ಚಹಾ ಕುಡೀರಿ. ಗಾಡಿ ನೋಡ್ದವ್ರು ನೀವು, ಹೂಂ ಅಂದವ್ರು ನೀವು. ನಿಂಬಿಹಣ್ಣ ಮ್ಯಾಲ ಹಾಯ್ದ ಗಾಡಿ ನಂದಲ್ಲ. ಬೇಕಂದ್ರ ಮಾಲೀಕರನ್ನೇ ಕೇಳ್ರಿ ನಡೀರಿ.”

ನಿವೃತ್ತ ರೈಲ್ವೆಯವರು ಮನೆಯಲ್ಲೇ ಇದ್ದರು. ಗಾಡಿಯನ್ನು ಎಲ್ಲಿ ಓಡಿಸುತ್ತಿದ್ದಿರಿ ಎಂದು ಕೇಳಿದೆ. ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು ಎಂದರು. ಎಲ್ಲಿ ಎಂದೆ. ತಮ್ಮ ಹಳೆಯ ಡ್ಯೂಟಿಯ ಜಾಗಕ್ಕೆ ಹತ್ತಿರದವರೆಗೂ ಕರೆದುಕೊಂಡು ಹೋಗಿ ದೂರದಿಂದ ಕೈತೋರಿಸಿದರು. ಗೂಡ್ಸ್ ಗಾಡಿಗೆ ಸಿಮೆಂಟು ತುಂಬುವ ಹಳಿ. ಅದರ ಪಕ್ಕ ತಗಡಿನ ನೆರಳು. ಅಲ್ಲಿನ ಜಾಲಿ ಗಿಡಗಳಿಗೆ ಹಸಿರೇ ಇರಲಿಲ್ಲ, ಎಲೆಯಿಂದ ಬುಡದವರೆಗೂ ಬೂದು.

“ಡ್ಯೂಟಿ ಮುಗಿಯೋತನಾ ಗಾಡಿ ಅಲ್ಲೇ ನಿಲ್ಲಸ್ತಿದ್ದೆ,” ಎಂದರು.

“ಎಷ್ಟ ದಿನಕ್ಕೊಮ್ಮೆ ನೀರ ಹಾಕಿ ತೊಳೀತಿದ್ರಿ?”

ಅವರು ನನ್ನನ್ನು ಮರುಕದಿಂದ ನೋಡಿದರು. “ನೀರ? ಸಿಮೆಂಟ ಮ್ಯಾಲ ನೀರ ಹಾಕಿದ್ರ ಏನ್ ಆಗ್ತದಂತ ನಮ್ಮೂರಾಗ ಎಲ್ಲಾರಿಗೂ ಗೊತ್ತದ್ರಿ. ನಾ ಬಟ್ಟಿಲೇ ಜಾಡಿಸ್ತಿದ್ದೆ. ಮಳಿಗಾಲದಾಗ ಗಾಡಿ ಹೊರಗೇ ತೆಗೀತಿರಲಿಲ್ಲ.”

ಜಾಲರಿಯಿಂದ ಇಳಿದ ಆ ಬಿಳಿ ನೀರು ಕಣ್ಣಮುಂದೆ ಬಂತು. ನಾನು ಕೆಲಸ ಕಲಿತದ್ದು ಶಹಾಬಾದಿನ ಒಂದು ಗ್ಯಾರೇಜಿನಲ್ಲಿ. ಅಲ್ಲಿ ನನ್ನ ಗುರು, ಮೊದಲ ವಾರದಲ್ಲೇ, ಸಿಮೆಂಟು ಫ್ಯಾಕ್ಟರಿಯ ಲಾರಿಯ ಮುಂದೆ ನಿಲ್ಲಿಸಿ ಹೇಳಿಕೊಟ್ಟಿದ್ದ ಪಾಠ ಒಂದೇ: “ಪೈಲೇ ಹವಾ, ಬಾದ್ ಮೇ ಪಾನಿ.” ಸಿಮೆಂಟಿಗೆ ಮೊದಲು ಗಾಳಿ ಹೊಡೆ, ಧೂಳೆಲ್ಲ ಹಾರಿದ ಮೇಲೆ ನೀರು ಹಾಕು. ಲಾರಿಗಳಿಗೆ ಈಗಲೂ ಹಾಗೇ ಮಾಡುತ್ತೇನೆ. ರೈಲ್ವೆಯವರ ಕಾರು ಎಂದ ಕೂಡಲೇ ನನಗೆ ರೈಲು ಕಂಡಿತು, ಅದರೊಳಗೆ ತುಂಬುವ ಸಿಮೆಂಟು ಕಾಣಲಿಲ್ಲ.

ಸೇಡಂಗೆ ಬಂದವನೇ ಮುಂದಿನ ಬಂಪರ್ ಬಿಚ್ಚಿದೆ. ಕಾರಿನ ಮುಂಭಾಗದಲ್ಲಿ ಎರಡು ಜಾಲರಿ ಹಲಗೆಗಳು ಒಂದರ ಹಿಂದೆ ಒಂದು ಇರುತ್ತವೆ. ಮುಂದಿನದು ಎ.ಸಿ.ಯದು, ಹಿಂದಿನದು ರೇಡಿಯೇಟರ್. ನಾನು ಟಾರ್ಚ್ ಬಿಟ್ಟು ಸ್ವಚ್ಛ ಎಂದದ್ದು ಮುಂದಿನದನ್ನು. ಅದನ್ನು ಸರಿಸಿದರೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ರೇಡಿಯೇಟರಿನ ಮುಖಕ್ಕೆ ಬೂದು ಗಿಲಾವು ಮೆತ್ತಿ ಗಟ್ಟಿಯಾಗಿತ್ತು. ಉಗುರಿಗೆ ಬರಲಿಲ್ಲ. ಸ್ಕ್ರೂಡ್ರೈವರಿನಿಂದ ಬಡಿದರೆ ಟಣ್ ಎಂದಿತು. ಅದರ ಮೇಲೆ ನನ್ನ ಪೈಪಿನ ನೀರು ಹರಿದ ಗೆರೆಗಳೂ ಹಾಗೇ ಅಚ್ಚೊತ್ತಿದ್ದವು. ಒಣ ಧೂಳಾಗಿದ್ದಾಗ ಐದು ನಿಮಿಷದ ಗಾಳಿಗೆ ಹಾರಿಹೋಗುತ್ತಿತ್ತು. ಅದಕ್ಕೆ ನೀರು ಕುಡಿಸಿ ಗೋಡೆ ಕಟ್ಟಿದವನು ನಾನೇ.

ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಳೆಯ ರೇಡಿಯೇಟರ್ ಕಟ್ಟಿಕೊಂಡಿತ್ತು, ಹೊಸದು ಹಾಕಿದ್ದೇನೆ ಎಂದರೆ ಮುಗಿಯುತ್ತಿತ್ತು. ಅಕ್ಕೋರು ದಲ್ಲಾಳಿಯನ್ನು ಎರಡು ದಿನ ಶಪಿಸಿ ಮರೆಯುತ್ತಿದ್ದರು. ಆ ಮಾತನ್ನು ಮನಸ್ಸಿನಲ್ಲೇ ಹತ್ತು ರೀತಿಯಲ್ಲಿ ಹೇಳಿ ನೋಡಿಕೊಂಡೆ, ಸುಳ್ಳೆಂದು ಗೊತ್ತೇ ಆಗದಷ್ಟು ನಯವಾಗಿ ಬರುತ್ತಿತ್ತು. ಆದರೆ ಎಂಜಿನ್ ಎರಡು ಸಲ ಕುದಿದಿತ್ತು. ಕುದಿದರೆ ಮೊದಲು ಬಾಗುವುದು ಎಂಜಿನ್ನಿನ ಮೇಲ್ಭಾಗದ ಹೆಡ್. ಅದನ್ನು ಬಿಚ್ಚಿ, ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದೆ. ಎಲ್ಲೂ ಬಾಗಿರಲಿಲ್ಲ. ಮುಳ್ಳು ಏರಿದ ಕ್ಷಣಕ್ಕೇ ಗಾಡಿ ಬಂದ್ ಮಾಡಿ ಅದನ್ನು ಉಳಿಸಿದವರು ಅಕ್ಕೋರು. ಕಲಿತು ಮೂರು ತಿಂಗಳಾದವರು ತಮ್ಮ ಪಾಠ ಮರೆತಿರಲಿಲ್ಲ, ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನಾನು ಮರೆತಿದ್ದೆ. ಇಂಥವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

ಹೊಸ ರೇಡಿಯೇಟರ್ ಕೂರಿಸಿ, ಹಳೆಯದನ್ನು ಹೆಗಲ ಮೇಲೆ ಹೊತ್ತು ಅವರ ಮನೆಗೆ ಹೋದೆ. ಅಂಗಳದಲ್ಲಿಟ್ಟು ಎಲ್ಲ ಹೇಳಿದೆ. ಗಂಡ ಬಗ್ಗಿ ಬೆರಳಿನಿಂದ ಬಡಿದು ನೋಡಿದರು.

“ನನಗ ಡಾಕ್ಟರು ನೀರ ಅಳದ ಕುಡೀ ಅಂದಾರ. ಗಾಡಿಗೂ ಅದೇ ಪಥ್ಯ ಇತ್ತೇನ?” ಎಂದು ನಕ್ಕರು.

ಅಕ್ಕೋರು ನಗಲಿಲ್ಲ. “ಅವತ್ತ ಅಷ್ಟ ಬಿಸಿಲಾಗ ಇವ್ರ ಕೈ ತಣ್ಣಗಾಗಿತ್ತು. ನನ್ನ ಜೀವ ಏನ್ ಆಗಿತ್ತು ಗೊತ್ತದೇನ್ರಿ ನಿಮಗ?”

ಅವರು ಒಳಗೆ ಹೋಗಿ ತಮ್ಮ ನೋಟ್‌ಬುಕ್ ತಂದು ಹೊಸ ಹಾಳೆ ತೆಗೆದರು.

“ನಮ್ಮ ಸಾಲ್ಯಾಗ ತಪ್ಪು ಬರದವ್ರು ಅದನ್ನ ಹತ್ತ ಸಲ ಸರಿ ಬರೀಬೇಕು. ನೀವೂ ಬರೀರಿ. ಹತ್ತ ಸಲ ನಮ್ಮನ್ನ ಕಲಬುರಗಿಗೆ ಕರ್ಕೊಂಡ್ ಹೋಗಿ ಬರ್ರಿ. ಹತ್ತೂ ಸಲ ಮುಳ್ಳು ನಡುವ ನಿಂತ್ರ ಆಮ್ಯಾಲ ಚಾವಿ ನನಗ ಕೊಡ್ರಿ.”

ಹಾಗೆ ಐದು ವಾರ, ಮಂಗಳವಾರ ಮತ್ತು ಶುಕ್ರವಾರ ಗ್ಯಾರೇಜಿಗೆ ಬೀಗ ಹಾಕಿದೆ. ಎ.ಸಿ. ಪೂರ್ತಿ ಹಚ್ಚಿ ಓಡಿಸುವುದು, ಪ್ರತಿ ಹತ್ತು ಕಿಲೋಮೀಟರಿಗೆ ಮುಳ್ಳು ಎಲ್ಲಿದೆ ಎಂದು ಪಕ್ಕದ ಸೀಟಿನಲ್ಲಿ ಕೂತ ಅಕ್ಕೋರು ಬರೆಯುವುದು. ಹಿಂದಿನ ಸೀಟಿನಲ್ಲಿ ಅವರ ಗಂಡ. ಎಂಜಿನ್ನಿನ ಸದ್ದಿನಲ್ಲಿ ಸ್ವಲ್ಪ ಫರಕು ಬಂದರೂ ನನ್ನ ಕಣ್ಣು ಮುಳ್ಳಿನ ಕಡೆ ಹೋಗುತ್ತಿತ್ತು. ಮೂರನೇ ಸಲ ಮುಳ್ಳನ್ನೇ ನೋಡುತ್ತಾ ಕುರಿ ಹಿಂಡಿನ ಮೇಲೆ ಗಾಡಿ ಬಿಡುವುದರಲ್ಲಿದ್ದೆ.

“ರಸ್ತಾ ನೋಡ್ರಿ! ಮುಳ್ಳು ನಾ ನೋಡ್ತೀನಿ,” ಎಂದು ಅಕ್ಕೋರು ಗದರಿದರು.

ಆಸ್ಪತ್ರೆಯಲ್ಲಿ ನಾಲ್ಕು ತಾಸು ಅವರು ಒಳಗೆ, ನಾನು ಹೊರಗೆ ಕಾರಿನ ಸುತ್ತ. ಪೈಪು ಮುಟ್ಟುವುದು, ನೀರಿನ ಡಬ್ಬಿ ನೋಡುವುದು, ಬಾನೆಟ್ ಹಾಕಿ ಮತ್ತೆ ತೆಗೆಯುವುದು. ಅಕ್ಕೋರು ನನಗೆಂದು ಒಂದು ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದರು. ವಾಪಸ್ ಮುಟ್ಟಲಿ, ಆಮೇಲೆ ತಿನ್ನುತ್ತೇನೆ ಎಂದು ಪ್ರತಿ ಸಲವೂ ಹಾಗೇ ಮರಳಿಸುತ್ತಿದ್ದೆ. ಅವರ ಗಂಡ ಡಬ್ಬಿಯನ್ನೂ ನನ್ನನ್ನೂ ನೋಡುತ್ತಿದ್ದರು.

ಹತ್ತನೇ ಸಲ ಬಿಸಿಲು ನೆತ್ತಿ ಸುಡುತ್ತಿತ್ತು. ವಾಪಸ್ ಬರುವಾಗ ಮಳಖೇಡ ಸಮೀಪಿಸಿತು. ಅದೇ ಬೇವಿನ ಮರ ಕಂಡ ಕೂಡಲೇ ಅಕ್ಕೋರು, “ನಿಲ್ಲಸ್ರಿ,” ಎಂದರು. ಬ್ರೇಕ್ ಒತ್ತಿದೆ. ಮುಳ್ಳು ನೋಡಿದೆ, ನಡುವೆಯೇ ಇತ್ತು. ಅವರು ಇಳಿದು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆರೆದರು.

“ಇಳೀರಿ. ಹತ್ತ ಆತು.”

“ಸೇಡಂ ತನಕರೆ ನಾ ಬರ್ತೀನ್ರಿ ಅಕ್ಕೋರ...”

“ಬ್ಯಾಡ್ರಿ. ನೀವು ಬಾಜೂಕ ಕುಂತ್ರ ನನಗ ಮುಳ್ಳು ಕಾಣಂಗಿಲ್ಲ, ನಿಮ್ಮ ಮಾರಿನೇ ಕಾಣ್ತದ. ನೀವು ಬಸ್ಸಿಗೆ ಬರ್ರಿ.”

ಚಾವಿ ಗಾಡಿಯಲ್ಲೇ ಇತ್ತು. ನಾನು ಇಳಿದೆ, ಅವರು ಕೂತರು. ಹಿಂದಿನ ಕಿಟಕಿಯಿಂದ ಒಂದು ಕೈ ಹೊರಬಂದು ರೊಟ್ಟಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಿತು. ಕಾರು ಸೇಡಂ ಕಡೆ ಹೋಗಿ ಸಣ್ಣದಾಯಿತು, ಕಾಣದಾಯಿತು.

ಬಸ್ಸಿಗೆ ಎಷ್ಟೋ ಹೊತ್ತು ಕಾದೆ. ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಫೋನು. ಬಸ್ಸು ಬಂದು ಹತ್ತಿ ಕೂತ ಮೇಲೂ ಕಿಟಕಿಯಿಂದ ರಸ್ತೆಯ ಎರಡೂ ಬದಿ ಹುಡುಕುತ್ತಿದ್ದೆ, ಎಲ್ಲಾದರೂ ಬಿಳಿ ಕಾರು ಬಾಗಿಲು ತೆರೆದು ನಿಂತಿದೆಯೇ ಎಂದು. ಫೋನು ಬಡಿದುಕೊಂಡಾಗ ಪಕ್ಕದವರು ಬೆಚ್ಚುವಷ್ಟು ಜೋರಾಗಿ “ಹಲೋ” ಎಂದೆ.

ಅಕ್ಕೋರ ಗಂಡ. “ಮಿಸ್ತ್ರಿ, ಮನಿ ಮುಟ್ಟೀವಿ. ಮುಳ್ಳು ನಟ್ಟ ನಡುವ ಅದ, ನಾನೇ ಬಗ್ಗಿ ನೋಡೀನಿ. ಈಗರೆ ಉಣ್ರಿ.”

ಡಬ್ಬಿಯ ಮುಚ್ಚಳ ತೆಗೆದೆ. ರೊಟ್ಟಿ ಬಿಸಿಲಿಗೆ ಒಣಗಿ ಹಪ್ಪಳದಂತಾಗಿತ್ತು. ಒಂದು ಚೂರೂ ಬಿಡದೆ ತಿಂದೆ.